ಈಡು ತುಂಬಿದವರು ಯಾರು?

ಬೇಟೆಯ ಕತೆ ಓದುವಾಗ ನನಗೊಂದು ಚಾಳಿಯಿದೆ. ಕೋವಿ ಹಾರಿದ ಕೂಡಲೇ ಉಳಿದವರೆಲ್ಲ ಪ್ರಾಣಿ ಬಿತ್ತೋ ಇಲ್ಲವೋ ಎಂದು ಮುಂದಿನ ಸಾಲಿಗೆ ಓಡುತ್ತಾರೆ. ನಾನು ಹಿಂದಿನ ಪುಟಕ್ಕೆ ಹೋಗುತ್ತೇನೆ. ಆ ಕೋವಿಯನ್ನು ತುಂಬಿದ್ದು ಯಾರು? ಯಾವಾಗ ತುಂಬಿದರು? ಮದ್ದು ಒಣಗಿತ್ತೇ? ಹೆಚ್ಚಿನ ಸಲ ಉತ್ತರ ಸಿಗುವುದಿಲ್ಲ. ಕೋವಿ ಎನ್ನುವುದು ಕತೆಯೊಳಗೆ ತುಂಬಿಕೊಂಡೇ ಬಂದಿರುತ್ತದೆ, ಮಳೆಗಾಲದ ಮೋಡದ ಹಾಗೆ.

ಈ ಚಾಳಿಗೆ ಕಾರಣ ಮನೆಯದು. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವವರು ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಇಳಿಯುತ್ತಾರೆ. ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿ ಈ ಘಟ್ಟದ ಹೆಸರು ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ಅದಕ್ಕೂ ಬಹಳ ಮೊದಲು, ರಸ್ತೆಯಿಂದ ಒಳಗೆ ಕಾಲುದಾರಿಯಲ್ಲಿ ಇಳಿದರೆ ಸಿಗುವ ಒಂದು ಅಡಿಕೆ ತೋಟದ ಮನೆಯಲ್ಲಿ ನನ್ನ ಅಜ್ಜ ಕೋವಿ ತುಂಬುತ್ತಿದ್ದ. ನಮ್ಮದು ಮಾಂಸ ತಿನ್ನದ ಮನೆ. ಬೆಳೆ ರಕ್ಷಣೆಯ ಪರವಾನಗಿ ಅಜ್ಜನ ಹೆಸರಿನಲ್ಲಿತ್ತು, ಕೇಪಿನ ಕೋವಿ ಜಗಲಿಯ ಗೋಡೆಯ ಮೇಲಿತ್ತು. ಹೊಡೆಯುವವರು ಬೇರೆ. ಗದ್ದೆಗೆ ಹಂದಿ ಬಿದ್ದ ಸುದ್ದಿ ಬಂದರೆ ಸಂಜೆ ಯಾರಾದರೊಬ್ಬರು ಬಂದು ಅಂಗಳದ ತುದಿಯಲ್ಲಿ ನಿಲ್ಲುತ್ತಿದ್ದರು. ಅಜ್ಜ ತುಂಬಿ ಕೊಡುತ್ತಿದ್ದ. ಬೆಳಿಗ್ಗೆ ಕೋವಿ ತಿರುಗಿ ಬರುತ್ತಿತ್ತು. ನಡುವೆ ಕಾಡಿನಲ್ಲಿ ನಡೆದದ್ದು ನಮ್ಮ ಮನೆಗೆ ಸೇರಿದ್ದಲ್ಲ ಎಂಬುದು ಮನೆಯೊಳಗಿನ ಒಪ್ಪಂದ.

ತುಂಬುವ ಕೆಲಸ ನೋಡಲು ಚೆಂದ. ನಳಿಗೆಯ ಬಾಯಿಂದ ಮದ್ದು ಹಾಕಬೇಕು. ಅಳತೆಗೆ ಒಂದು ಕೊಂಬಿನ ತುಂಡು ಇತ್ತು, ಒಳಗೆ ಹಳೆಯ ಗೆರೆ. ಮೇಲೆ ತೆಂಗಿನ ಕತ್ತ. ಗಜದಿಂದ ಜಡಿಯಬೇಕು. ಆಮೇಲೆ ಚರೆಯೋ ಗುಂಡೋ, ಅದು ಯಾವ ಪ್ರಾಣಿಗೆ ಎಂಬುದರ ಮೇಲೆ. ಮತ್ತೆ ಕತ್ತ, ಮತ್ತೆ ಗಜ. ಕೇಪು ಇಡುವುದು ಮಾತ್ರ ಹೊಡೆಯುವವನ ಕೆಲಸ, ಅದೂ ಜಾಗಕ್ಕೆ ಹೋಗಿ ಕೂತ ಮೇಲೆ. ಅಜ್ಜನಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ. ‘ಗಜ ಹಾರಕು’ ಎನ್ನುತ್ತಿದ್ದ. ಜಡಿದಾಗ ಗಜ ಕೈಯಿಂದ ಚಿಮ್ಮಿ ಮೇಲೆ ಬರಬೇಕು. ಆ ಟಣಕ್ಕೆನ್ನುವ ಸದ್ದು ಬದಲಾದರೆ ಒಳಗೆ ಏನೋ ಹೆಚ್ಚುಕಮ್ಮಿಯಾಗಿದೆ. ಮದ್ದು ಹೆಚ್ಚಾದರೆ ನಳಿಗೆ ಸೀಳಿ ಹೊಡೆಯುವವನ ಕೈ ಹೋಗುತ್ತದೆ. ಕಮ್ಮಿಯಾದರೆ ಅಥವಾ ತಣಿದಿದ್ದರೆ ಪ್ರಾಣಿಗೆ ತಾಗುತ್ತದೆ, ಆದರೆ ಅದು ಸಾಯುವುದಿಲ್ಲ. ಎರಡನೆಯದು ಹೆಚ್ಚು ಕೆಟ್ಟದ್ದೆಂದು ಅಜ್ಜ ಹೇಳುತ್ತಿದ್ದ.

ಹೀಗೆ ತುಂಬಿದ ಮದ್ದುಗುಂಡಿಗೂ, ಅದು ಹಾರಿದಾಗಿನ ಸದ್ದಿಗೂ ನಮ್ಮಲ್ಲಿ ಒಂದೇ ಹೆಸರು: ಈಡು. ಕನ್ನಡದಲ್ಲಿ ಈ ಶಬ್ದಕ್ಕೆ ಇನ್ನೂ ಕೆಲಸಗಳಿವೆ. ಸಾಲಕ್ಕೆ ಕೊಡುವ ಒತ್ತೆಯೂ ಈಡು, ಸರಿಸಾಟಿಯೂ ಈಡು. ಮದ್ದು ಎಂದರೂ ಹಾಗೆಯೇ, ಔಷಧಿಯೂ ಹೌದು, ಕೋವಿಗೆ ಹಾಕುವುದೂ ಹೌದು. ಶಬ್ದಗಳು ಹೀಗೆ ಕೂಡಿಕೊಂಡದ್ದಕ್ಕೆ ಭಾಷಾಶಾಸ್ತ್ರದವರು ಬೇರೆ ಬೇರೆ ಬೇರುಗಳನ್ನು ತೋರಿಸಬಹುದು. ಓದುಗನಾಗಿ ನನಗೆ ಆ ಕೂಡಿಕೆ ಬಿಡದೆ ಕಾಡುತ್ತದೆ. ಈಡು ತುಂಬಿದವನು ಏನನ್ನೋ ಒತ್ತೆಯಿಟ್ಟಿರುತ್ತಾನೆ. ಕನ್ನಡದ ಬೇಟೆ ಬರವಣಿಗೆಯಲ್ಲಿ ಆ ಒತ್ತೆಯ ಲೆಕ್ಕ ಬರೆದವರು ಯಾರು ಎಂಬುದು ನನ್ನ ಪ್ರಶ್ನೆ.

ನನ್ನ ತಲೆಮಾರಿನ ಹೆಚ್ಚಿನವರಂತೆ ನನಗೂ ಬೇಟೆ ಸಾಹಿತ್ಯ ಎಂದರೆ ಮೊದಲು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್‌ಸನ್. ‘ಕಾಡಿನ ಕತೆಗಳು’ ನಾಲ್ಕು ಭಾಗಗಳನ್ನು ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. ಅದರ ಜೊತೆಗೆ ಜಿಮ್ ಕಾರ್ಬೆಟ್ಟನ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’. ಆ ಕನ್ನಡದ ವೇಗ ಈಗಲೂ ಬೆರಗು ಹುಟ್ಟಿಸುತ್ತದೆ. ಇಂಗ್ಲಿಷಿನ ಸಾಹೇಬನ ಕತೆ ಮೂಡಿಗೆರೆಯ ಕಾಫಿ ತೋಟದ ಪಕ್ಕದಲ್ಲೇ ನಡೆದಂತೆ ಕೇಳುತ್ತದೆ. ಆ್ಯಂಡರ್‌ಸನ್ನನ ರೈಫಲ್ ಪಾಯಿಂಟ್ 405 ವಿಂಚೆಸ್ಟರ್. ಕಾರ್ಬೆಟ್‌ಗೆ ಪಾಯಿಂಟ್ 275 ರಿಗ್ಬಿ. ನಮ್ಮ ಹಾಸ್ಟೆಲ್ಲಿನ ಹುಡುಗರಿಗೆ ಈ ಅಂಕಿಗಳು ಕ್ರಿಕೆಟ್ ಸ್ಕೋರಿನಷ್ಟು ಬಾಯಿಪಾಠ. ಎರಡಕ್ಕೂ ತೋಟಾ ಬರುವುದು ಕಾರ್ಖಾನೆಯಿಂದ, ಪೆಟ್ಟಿಗೆಯಲ್ಲಿ. ಸಾಹೇಬರಿಗೆ ತಮ್ಮ ಈಡಿನ ಮೇಲೆ ಸಂಶಯಪಡಬೇಕಾದ ಪ್ರಮೇಯ ಕಡಿಮೆ.

ಈಗ ಆ ಕತೆಗಳ ಆರಂಭವನ್ನು ಮತ್ತೆ ನೋಡಿ. ಹುಲಿ ಅಥವಾ ಚಿರತೆ ನರಭಕ್ಷಕವಾದದ್ದು ಹೇಗೆ? ಹಲವು ಕತೆಗಳಲ್ಲಿ ಕಾರಣ ಒಂದು ಹಳೆಯ ಗಾಯ. ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಬದಿಯ ಕೋರೆಹಲ್ಲುಗಳು, ಮೇಲಿನದೂ ಕೆಳಗಿನದೂ, ಮುರಿದಿದ್ದವು. ಕೆಳಗಿನದು ಎಲುಬಿನವರೆಗೆ ಹೋಗಿತ್ತು. ಹಿಂದೆ ಯಾರೋ ಹೊಡೆದ ಗುಂಡಿನ ಫಲ. ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಮೇಲೆ ತಿರುಗಿತು ಎಂಬುದು ಅವನ ತೀರ್ಮಾನ. ಸತ್ತವರ ಲೆಕ್ಕವನ್ನು ಅವನು 436 ಎಂದು ಕೊಡುತ್ತಾನೆ. ಅಂದರೆ ಆ ಕತೆ ನಿಜವಾಗಿ ಶುರುವಾಗುವುದು ಕಾರ್ಬೆಟ್ ಬಂದಾಗಲ್ಲ, ಯಾವುದೋ ಹಳ್ಳಿಯ ಜಗಲಿಯಲ್ಲಿ ಯಾರೋ ಒಬ್ಬ ಕೋವಿ ತುಂಬಿದಾಗ. ಆ ಮನುಷ್ಯನಿಗೆ ಕತೆಯಲ್ಲಿ ಸಿಗುವುದು ಒಂದು ವಾಕ್ಯ. ಆ್ಯಂಡರ್‌ಸನ್ನನ ಲೋಕದಲ್ಲಿ ಅವನಿಗೆ ಕಳ್ಳಬೇಟೆಗಾರ ಎಂಬ ಹೆಸರಾದರೂ ಸಿಗುತ್ತದೆ, ಮುಖ ಸಿಗುವುದಿಲ್ಲ. ನಾಡಕೋವಿಯವನು ಗಾಯ ಮಾಡುತ್ತಾನೆ, ರೈಫಲಿನವನು ಬಂದು ಮುಗಿಸುತ್ತಾನೆ. ತೇಜಸ್ವಿ ಭಾಷೆಯನ್ನು ನಮ್ಮದು ಮಾಡಿಕೊಟ್ಟರು. ಆದರೆ ಕತೆ ನಿಂತಿರುವ ಈ ಹಂಚಿಕೆ ಸಾಹೇಬರದೇ ಆಗಿ ಉಳಿಯಿತು. ಅನುವಾದಕನಾಗಿ ಅವರು ಮಾಡಬಹುದಾದದ್ದು ಇಷ್ಟೇ ಎನ್ನಬಹುದು. ನಾನು ಒಪ್ಪುತ್ತೇನೆ, ಅರ್ಧ ಮನಸ್ಸಿನಿಂದ.

ಪೂರ್ತಿ ಒಪ್ಪದಿರಲು ಕಾರಣ ಮಲೆನಾಡಿನ ಬರಹಗಾರರಿಗೆ ನಾಡಕೋವಿ ಪರಕೀಯವಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರದ್ದು, ‘ಕಾನೂರು ಹೆಗ್ಗಡಿತಿ’ 1936ರದ್ದು. ಹಳು, ಸೋವು, ಬಿಲ್ಲು, ಮರಸು, ಈಡು: ಮಲೆನಾಡಿನ ಬೇಟೆಯ ಪದಕೋಶ ಕನ್ನಡ ಗದ್ಯಕ್ಕೆ ಇಷ್ಟು ಗಟ್ಟಿಯಾಗಿ ಬಂದದ್ದು ಅವರಿಂದ. ಬೇಟೆ ಅಲ್ಲಿ ಒಂದು ಸಾಮಾಜಿಕ ವ್ಯವಸ್ಥೆ ಕೂಡ. ಕೋವಿ ಹಿಡಿದು ಬಿಲ್ಲಿಗೆ ಕೂರುವವರು ಯಾರು, ಮುಳ್ಳಿನಲ್ಲಿ ಹಳು ನುಗ್ಗುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕುವೆಂಪು ಅದನ್ನು ಮುಚ್ಚಿಡುವುದಿಲ್ಲ. ಆದರೂ ಅವರ ಹೃದಯ ಇರುವುದು ಕಾಡಿನಲ್ಲಿ, ನಾಯಿಯಲ್ಲಿ, ಕೂಗಿನಲ್ಲಿ. 1967ರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗುತ್ತಿಯ ನಾಯಿ ಹುಲಿಯ ಮರೆಯುವುದಿಲ್ಲ. ತುಂಗೆಯ ಪ್ರವಾಹದಲ್ಲಿ ಅದು ಹೋಗುವ ಪುಟಗಳನ್ನು ನಾನು ಮೂರು ಸಲ ಓದಿದ್ದೇನೆ, ಮೂರೂ ಸಲ ಪುಸ್ತಕ ಮಡಿಸಿಟ್ಟು ಎದ್ದು ಹೋಗಿದ್ದೇನೆ. ಹುಲಿಯನಿಗೆ ಸಿಕ್ಕ ಆಯುಷ್ಯ ಆ ಕಾದಂಬರಿಯಲ್ಲಿ ಯಾವ ಕೋವಿಗೂ ಸಿಕ್ಕಿಲ್ಲ. ಅದು ದೋಷವಲ್ಲ, ಆಯ್ಕೆ. ನಾಯಿಗೆ ಮನಸ್ಸಿದೆ, ಕೋವಿಗಿಲ್ಲ ಎಂಬ ಆಯ್ಕೆ. ಕೋವಿಯ ಹಿಂದಿನ ಕೈಗೆ ಮನಸ್ಸಿತ್ತಲ್ಲ ಎಂಬುದು ನನ್ನ ತಕರಾರು.

ಸ್ವತಃ ಬೇಟೆಗಾರರಾಗಿದ್ದ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಈ ವಿಷಯದಲ್ಲಿ ಬೇರೆ ಜಾತಿಯದು. ಹೊಡೆದವನೇ ಹೇಳುವವನಾದಾಗ ಜವಾಬ್ದಾರಿ ಹಂಚಿಹೋಗುವುದಿಲ್ಲ, ತಪ್ಪಿದ ಈಡು ಯಾರದೆಂದು ಓದುಗ ಹುಡುಕಬೇಕಿಲ್ಲ. ನಮ್ಮ ವಿಮರ್ಶೆ ಕಾದಂಬರಿಗಳ ಬೆನ್ನು ಹತ್ತಿ ಇಂಥ ನೆನಪಿನ ಪುಸ್ತಕಗಳನ್ನು ಜಗಲಿಯಲ್ಲೇ ಕೂರಿಸಿದೆ. ಗಂಭೀರ ವಿದ್ಯಾರ್ಥಿಗಳು ಓದಲೇಬೇಕಾದ ಪುಸ್ತಕ ಅದು ಎಂದಷ್ಟೇ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

‘ಕರ್ವಾಲೊ’ (1980) ವಿಚಿತ್ರ. ಅದನ್ನು ವಿಜ್ಞಾನದ ಕಾದಂಬರಿ, ಪರಿಸರದ ಕಾದಂಬರಿ ಎಂದೆಲ್ಲ ಪಾಠ ಮಾಡುತ್ತಾರೆ. ನನಗೆ ಅದು ಶಿಕಾರಿಯ ಕಾದಂಬರಿಯಾಗಿ ಕಾಣುತ್ತದೆ. ಜಾಡು ಬಲ್ಲ ಮಂದಣ್ಣ ಇದ್ದಾನೆ, ಕಿವಿ ಎಂಬ ನಾಯಿ ಇದೆ, ಅಡುಗೆಗೆ ಬಿರಿಯಾನಿ ಕರಿಯಪ್ಪ ಇದ್ದಾನೆ, ಯಜಮಾನರ ಸ್ಥಾನದಲ್ಲಿ ಕರ್ವಾಲೊ. ಕಾನೂರಿನ ಬೇಟೆಯ ತಂಡವನ್ನೇ ತೇಜಸ್ವಿ ಬೇರೆ ಕೆಲಸಕ್ಕೆ ಕಾಡಿಗೆ ಕಳಿಸಿದ ಹಾಗಿದೆ. ಕೊನೆಯಲ್ಲಿ ಹಾರುವ ಓತಿ ಸಿಕ್ಕೂ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಈಡು ಹಾರದ ಬೇಟೆ ಅದು. ತಂದೆಯ ಗದ್ಯದಲ್ಲಿ ಹಾರುತ್ತಿದ್ದ ಈಡುಗಳಿಗೆ ಮಗ ಕೊಟ್ಟ ಉತ್ತರ ಎಂದರೆ ಹೆಚ್ಚಾಗುತ್ತದೇನೋ. ತೇಜಸ್ವಿಯವರ ಕೈಗೆ ಕ್ಯಾಮೆರಾ ಬಂದದ್ದೂ, ಅವರು ಹಕ್ಕಿಗಳ ಬೆನ್ನು ಹತ್ತಿದ್ದೂ ಎಲ್ಲರಿಗೂ ಗೊತ್ತಿದೆ. ಕ್ಯಾಮೆರಾಕ್ಕೂ ಆಗ ತುಂಬುವುದಿತ್ತು, ಫಿಲ್ಮ್ ರೋಲು. ಅದರಲ್ಲೂ ಒಂದು ತಪ್ಪಿದರೆ ಹೋಯಿತು, ಆದರೆ ಯಾರಿಗೂ ನೋವಾಗುವುದಿಲ್ಲ.

ನಮ್ಮ ಘಟ್ಟ ಇಳಿದು ರಾಮನಗುಳಿ, ಸುಂಕಸಾಳ ದಾಟಿ ಅಂಕೋಲೆ ಮುಟ್ಟಿದರೆ ಹನೇಹಳ್ಳಿ ದೂರವಿಲ್ಲ. ಅಲ್ಲಿಯ ಯಶವಂತ ಚಿತ್ತಾಲರು 1979ರಲ್ಲಿ ಬರೆದ ಕಾದಂಬರಿಯ ಹೆಸರು ‘ಶಿಕಾರಿ’. ಅದರಲ್ಲಿ ಕಾಡೂ ಇಲ್ಲ, ಕಡವೆಯೂ ಇಲ್ಲ. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗನಾಥ ಇದ್ದಕ್ಕಿದ್ದಂತೆ ಅಮಾನತಾಗುತ್ತಾನೆ. ತನ್ನ ಮೇಲಿನ ಆರೋಪವೇನು, ಅದನ್ನು ಹೂಡಿದವರು ಯಾರು ಎಂದು ಅವನು ಹುಡುಕುವುದೇ ಕತೆ. ಕೋವಿ ತುಂಬಿದವನನ್ನು ಹುಡುಕುವ ನನ್ನ ಚಾಳಿಗೆ ಕನ್ನಡದಲ್ಲಿ ಪೂರ್ತಿ ಒದಗಿಬಂದ ಪುಸ್ತಕ ಇದೊಂದೇ. ಸಾಮಾನ್ಯ ಬೇಟೆ ಕತೆಯಲ್ಲಿ ಕಣ್ಣು ನಳಿಗೆಯ ಹಿಂದೆ ಇರುತ್ತದೆ. ಚಿತ್ತಾಲರು ಅದನ್ನು ಪ್ರಾಣಿಯ ಮುಖಕ್ಕೆ ತಂದಿಟ್ಟರು. ಪೆಟ್ಟು ಬಿದ್ದ ಮೇಲೆ ಪ್ರಾಣಿ ತಿರುಗಿ ನೋಡಿ, ಇದನ್ನು ತುಂಬಿದವರು ಯಾರು, ಯಾವ ಕೋಣೆಯಲ್ಲಿ, ಎಷ್ಟು ದಿನದಿಂದ ಎಂದು ಕೇಳುತ್ತದೆ. ಅಲ್ಲೊಬ್ಬನ ಹೆಸರು ಫಿರೋಜ್ ಬಂದೂಕ್‌ವಾಲಾ. ಮೊದಲ ಓದಿನಲ್ಲಿ ಆ ಹೆಸರನ್ನು ನಾನು ಗಮನಿಸದೆ ದಾಟಿದ್ದೆ, ಮುಂಬಯಿಯ ಪಾರ್ಸಿ ಹೆಸರುಗಳಲ್ಲಿ ಅದೂ ಒಂದು ಎಂದುಕೊಂಡು. ಎರಡನೆಯ ಓದಿನಲ್ಲಿ ನಗು ಬಂತು. ಈಗ ನಗು ಬರುವುದಿಲ್ಲ, ಏಕೆಂದರೆ ಕಾದಂಬರಿ ಬಂದೂಕ್‌ವಾಲಾನ ಹತ್ತಿರವೇ ನಿಲ್ಲುವುದಿಲ್ಲ. ಟ್ರಿಗರ್ ಎಳೆದವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಕಡೆಗೆ ನಾಗನಾಥನ ಸ್ವಂತ ಬಾಲ್ಯದವರೆಗೆ ಹೋಗುತ್ತದೆ. ಮದ್ದಿನ ಕೆಲವು ಕಾಳನ್ನು ತಾನೂ ಹಾಕಿದ್ದೇನೆಯೇ ಎಂಬ ಸಂಶಯ ಅವನನ್ನು ಬಿಡುವುದಿಲ್ಲ. ಕಾದಂಬರಿ ಉದ್ದವಾಯಿತು, ಸಂಶಯ ರೋಗದ ಮಟ್ಟಕ್ಕೆ ಹೋಯಿತು ಎಂದು ದೂರುವವರಿದ್ದಾರೆ. ಗಾಯಗೊಂಡ ಪ್ರಾಣಿ ನೆಟ್ಟಗೆ ನಡೆಯುವುದಿಲ್ಲ ಎಂಬುದಷ್ಟೇ ಅವರಿಗೆ ನನ್ನ ಉತ್ತರ.

ನನಗೆ ಇದು ಯಾಕೆ ಇಷ್ಟು ಮುಖ್ಯ ಎಂಬುದನ್ನು ಇನ್ನು ಹೇಳದೆ ಇರಲಾರೆ.

ನನಗಾಗ ಹನ್ನೊಂದು ವರ್ಷ. ಕಾರ್ತಿಕದ ಹೊತ್ತಿಗೆ, ಗದ್ದೆ ತೆನೆ ಬಿಟ್ಟು ಬಾಗಿದಾಗ, ಒಬ್ಬರು ಸಂಜೆ ಬಂದು ನಿಂತರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ವರ್ಷಗಳಾಗಿದ್ದವು. 1991ರ ತಿದ್ದುಪಡಿ ಪರವಾನಗಿ ಬೇಟೆಯ ಬಾಗಿಲನ್ನೂ ಮುಚ್ಚುವುದು ಇನ್ನೂ ಮುಂದಿತ್ತು. ಕಾಯ್ದೆ ಎಂದರೆ ನಮ್ಮ ಕಣಿವೆಯಲ್ಲಿ ರೇಡಿಯೊ ಸುದ್ದಿ ಇದ್ದ ಹಾಗೆ, ಕೇಳಿಸುತ್ತದೆ, ಎಲ್ಲೋ ಆಗುತ್ತದೆ. ಹಂದಿ ಎಂದು ಅವರು ಹೇಳಿದರು. ಹಂದಿಯಲ್ಲ ಎಂಬುದು ಅಜ್ಜನಿಗೂ ಗೊತ್ತಿದ್ದೀತು, ಏಕೆಂದರೆ ಗದ್ದೆಯಂಚಿನಲ್ಲಿ ಕಡವೆಯ ಗೊರಸು ಎಲ್ಲರೂ ನೋಡಿದ್ದರು. ಅಜ್ಜನ ಕೈಗೆ ಆ ವರ್ಷ ನಡುಕ ಶುರುವಾಗಿತ್ತು. ಕೊಂಬನ್ನು ನನ್ನ ಕೈಗೆ ಕೊಟ್ಟ. ಗೆರೆಯ ಮಟ್ಟಕ್ಕೆ ಅಳೆದೆ. ನಳಿಗೆಯ ಬಾಯಿಗೆ ಸುರಿಯುವಾಗ ಒಂದಿಷ್ಟು ಹೊರಗೆ ಚೆಲ್ಲಿತು. ಸಗಣಿ ಸಾರಿಸಿದ ಜಗಲಿಯ ಮೇಲೆ ಕಪ್ಪು ಕಾಳು ಕಾಣುವುದಿಲ್ಲ, ಮಬ್ಬೂ ಆಗಿತ್ತು. ನಾನು ಕಾಲಿನಿಂದ ಒರೆಸಿದೆ. ಹೇಳಲಿಲ್ಲ. ಬೈಸಿಕೊಳ್ಳುವ ಹೆದರಿಕೆ ಅಲ್ಲ, ಮೊದಲ ಸಲ ಕೊಂಬು ಕೈಗೆ ಬಂದಿತ್ತು, ಅದು ತಿರುಗಿ ಹೋಗುತ್ತದಲ್ಲ ಎಂಬ ಆಸೆ. ಅಜ್ಜ ಗಜ ಜಡಿದ. ಸದ್ದು ಕೇಳಿ ಒಂದು ಗಳಿಗೆ ನಿಂತ. ನನ್ನ ಮುಖ ನೋಡಿದ. ಆಮೇಲೆ ಗುಂಡು ಹಾಕಿದ.

ರಾತ್ರಿ ಈಡು ಕೇಳಿಸಿತು. ಬೆಳಿಗ್ಗೆ ಕೋವಿ ಬಂತು, ಸುದ್ದಿ ಬರಲಿಲ್ಲ. ಮೂರನೆಯ ದಿನ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಹೆಣ್ಣು ಕಡವೆ ಸಿಕ್ಕಿತು. ಇನ್ನೂ ಜೀವ ಇತ್ತು. ಗುಂಡು ಕೆಳದವಡೆಯನ್ನು ಮುರಿದಿತ್ತು, ಒಳಗೆ ಹೋಗುವಷ್ಟು ಬಲ ಅದಕ್ಕೆ ಇರಲಿಲ್ಲ. ಮೇಯಲಾಗದೆ, ನೀರು ಬೇಕೆಂದು ಇಳಿದು ಬಂದಿತ್ತು, ಕುಡಿಯಲೂ ಆಗುತ್ತಿರಲಿಲ್ಲ. ಅಜ್ಜ ಬಹಳ ಹೊತ್ತು ಅದರ ಹತ್ತಿರ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತಿತು. ಸಂಜೆ ಅಜ್ಜ ಕೋವಿಯ ಕುದುರೆಗೆ ಎಣ್ಣೆ ಹಾಕಿ, ಬಟ್ಟೆ ಸುತ್ತಿ, ‘ಇನ್ನು ಆನು ತುಂಬ್ತ್ನಿಲ್ಲೆ’ ಎಂದ. ಯಾರಿಗೆ ಹೇಳಿದನೋ. ನಾನು ಅಲ್ಲೇ ಇದ್ದೆ. ಚೆಲ್ಲಿದ ಮಾತನ್ನು ಆಗಲೂ ಹೇಳಲಿಲ್ಲ. ಅಜ್ಜ ಮತ್ತೆ ಎಂಟು ವರ್ಷ ಬದುಕಿದ್ದ. ಹೇಳಬಹುದಾಗಿತ್ತು.

ಹೀಗಾಗಿ ಕಾರ್ಬೆಟ್ಟನ ಆ ಒಂದು ವಾಕ್ಯ, ಹಿಂದೆ ಯಾರೋ ಹೊಡೆದ ಗುಂಡು, ನನಗೆ ದಾಟಿ ಹೋಗುವ ವಾಕ್ಯವಲ್ಲ. ಆ ‘ಯಾರೋ’ ಎನ್ನುವವನಿಗೂ ಒಬ್ಬ ಮೊಮ್ಮಗ ಇದ್ದಿರಬಹುದು.

ಇದಕ್ಕೆ ಎದುರಾದ ಒಂದು ಜಗತ್ತನ್ನು ನಾನು ನೋಡಿದ್ದು ಪೆನ್ಸಿಲ್ವೇನಿಯಾದಲ್ಲಿ, ತಂಗಿಯ ಮನೆಗೆ ಹೋದಾಗ. ನವೆಂಬರ್ ಕೊನೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಕೂಡಲೇ ಅಲ್ಲಿ ರೈಫಲಿನಿಂದ ಜಿಂಕೆ ಹೊಡೆಯುವ ಋತು, ಮೊದಲ ದಿನ ಎಷ್ಟೋ ಶಾಲೆಗಳಿಗೆ ಆಗ ರಜೆ ಇರುತ್ತಿತ್ತು. ಪಕ್ಕದ ಮನೆಯ ಮುದುಕ ಗ್ಯಾರೇಜಿನಲ್ಲಿ ತನ್ನ ತೋಟಾಗಳನ್ನು ತಾನೇ ತುಂಬುತ್ತಿದ್ದ. ಹಾರಿದ ಹಿತ್ತಾಳೆ ಕೊಳವೆಗಳನ್ನು ತೊಳೆದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ, ಮೇಲೆ ಗುಂಡು ಒತ್ತುವುದು. ತೂಕ ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ಅವನ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಪಾಲನ್ನೂ ತೋರಿಸುತ್ತಿತ್ತು. ಅಂಗಡಿಯಲ್ಲಿ ತಯಾರಾದದ್ದು ಸಿಗುವುದಿಲ್ಲವೇ ಎಂದು ಕೇಳಿದೆ. ಸಿಗುತ್ತದೆ, ಆದರೆ ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲವಲ್ಲ ಎಂದ. ನನ್ನನ್ನು ಹಿಡಿದು ನಿಲ್ಲಿಸಿದ್ದು ತಕ್ಕಡಿಯಲ್ಲ, ಅದರ ಪಕ್ಕದ ನೋಟ್‌ಬುಕ್. ಪ್ರತಿ ತುಂಬಿಕೆಗೂ ತಾರೀಕು, ಮದ್ದಿನ ಹೆಸರು, ತೂಕ, ಗುರಿಹಲಗೆಯ ಮೇಲೆ ಎಲ್ಲಿ ಬಿತ್ತು ಎಂಬ ಗುರುತು. ಒಂದು ಪುಟದ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಏನೋ ಬರೆದು ಅಡಿಗೆರೆ ಎಳೆದಿತ್ತು. ಏನೆಂದು ಕೇಳಿದಾಗ, ಆ ಸಾಲಿನದ್ದನ್ನೆಲ್ಲ ಬಿಚ್ಚಿ ಮದ್ದು ಚೆಲ್ಲಿದೆ, ಒಂದರಲ್ಲಿ ಎರಡು ಸಲ ಹಾಕಿದೆನೋ ಎಂಬ ಅನುಮಾನ ಬಂದಿತ್ತು ಎಂದ.

ಬೇಟೆಯ ಬಗ್ಗೆ ಅವನಿಗೂ ನನಗೂ ಒಂದೇ ಅಭಿಪ್ರಾಯವಿಲ್ಲ. ಆದರೂ ಅವನ ನೋಟ್‌ಬುಕ್ ನನಗೆ ಒಂದು ಪ್ರಕಾರದ ಸಾಹಿತ್ಯವಾಗಿ ಕಂಡಿತು. ಶೂರತನ ಇಲ್ಲದ, ಕಾಡಿನ ವರ್ಣನೆ ಇಲ್ಲದ, ತನ್ನ ಅನುಮಾನವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟ ಗದ್ಯ. ನಮ್ಮ ಮಲೆನಾಡಿನಲ್ಲಿ ಮದ್ದು ಅಳೆದವರ ಕೈಯಲ್ಲಿ ಪೆನ್ನು ಇರಲಿಲ್ಲ, ಪೆನ್ನು ಇದ್ದವರ ಮನೆಯಲ್ಲಿ ಅಳೆಯುವ ಕೆಲಸ ಬೇರೆಯವರದು. ನಮ್ಮ ಮನೆಯಲ್ಲಿ ಎರಡೂ ಒಂದೇ ಜಗಲಿಯಲ್ಲಿತ್ತು ಎಂದು ಮೊದಲು ಹೆಮ್ಮೆಪಡುತ್ತಿದ್ದೆ. ಆಮೇಲೆ ಹೊಳೆಯಿತು: ನಾವೂ ಹಂಚಿಕೊಂಡೇ ಬದುಕಿದವರು. ಅಜ್ಜ ತುಂಬಿದ, ಇನ್ನೊಬ್ಬರು ಹೊಡೆದರು, ಮತ್ತೊಬ್ಬರು ತಿಂದರು, ಪಾಪ ಯಾರ ಬಾಗಿಲಿಗೂ ಬರದೆ ಹಳ್ಳದಲ್ಲಿ ಬಿದ್ದಿತ್ತು. ಆ್ಯಂಡರ್‌ಸನ್ನನ ಕತೆಯ ಹಂಚಿಕೆಯನ್ನು ಟೀಕಿಸುವಾಗ ಇದನ್ನೂ ಸೇರಿಸಿಯೇ ಟೀಕಿಸಬೇಕು.

ಹಾಗೆಂದು ಕುವೆಂಪು ಕಾದಂಬರಿಯಲ್ಲಿ ಮದ್ದಿನ ತೂಕ ಬರೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ವಿಮರ್ಶೆ ಹಾಗೆ ಸಾಮಾನು ಪಟ್ಟಿ ಕೇಳಬಾರದು. ಕೇಳುವುದು ಇಷ್ಟೇ: ಈಡು ಹಾರುವ ಮೊದಲಿನ ಆ ಅರ್ಧ ತಾಸು, ಗಜದ ಸದ್ದಿಗೆ ಕಿವಿ ಕೊಡುವ ಆ ಗಳಿಗೆ, ನಮ್ಮ ಗದ್ಯದಲ್ಲಿ ಯಾಕೆ ಇಷ್ಟು ಅಪರೂಪ? ಕಾಡಿನ ಮೌನದ ಬಗ್ಗೆ ಪುಟಗಟ್ಟಲೆ ಬರೆದ ನಾವು ಜಗಲಿಯ ಮೌನವನ್ನು ಬಿಟ್ಟುಬಿಟ್ಟೆವು. ಚಿತ್ತಾಲರು ಮಾತ್ರ, ಕೋವಿಯನ್ನೇ ಮುಟ್ಟದೆ, ಅಲ್ಲಿಗೆ ಹೋಗಿ ಬಂದರು.

ಅಜ್ಜನ ಕೋವಿ ಆಮೇಲೆ ಅಪ್ಪನ ಹೆಸರಿಗೆ ಬಂತು. ಪ್ರತಿ ಚುನಾವಣೆಗೂ ಉಳಿದವರ ಹಾಗೆ ಅಪ್ಪನೂ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿಟ್ಟು, ಫಲಿತಾಂಶ ಬಂದ ಮೇಲೆ ತರುತ್ತಿದ್ದ. ತುಂಬದ ಕೋವಿಗೆ ಇಷ್ಟು ಓಡಾಟ ಯಾಕೆಂದು ಅಮ್ಮ ಗೊಣಗುತ್ತಿದ್ದಳು. ಕಡೆಗೊಂದು ಚುನಾವಣೆಯ ನಂತರ ಅಪ್ಪ ತರಲು ಹೋಗಲಿಲ್ಲ, ಪರವಾನಗಿಯನ್ನೂ ಒಪ್ಪಿಸಿದ. ಕೊಂಬಿನ ಅಳತೆ ಮಾತ್ರ ಮನೆಯಲ್ಲಿ ಉಳಿಯಿತು. ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಟ್ಟದ ಮೇಲೆ ಸಿಕ್ಕಿತು. ಒಳಗಿನ ಗೆರೆ ಹುಡುಕಲು ಬೆಳಕಿಗೆ ಹಿಡಿದೆ. ಗೆರೆ ಒಂದಲ್ಲ, ಎರಡಿತ್ತು, ಬೆರಳಿನ ದಪ್ಪದಷ್ಟು ಅಂತರದಲ್ಲಿ. ನಾನು ಆ ಸಂಜೆ ಯಾವುದಕ್ಕೆ ಅಳೆದಿದ್ದೆ ಎಂದು ಅಲ್ಲೇ ಕೂತು ಬಹಳ ಹೊತ್ತು ಯೋಚಿಸಿದೆ.